ತೇವ ಹಿಡಿದ ರಾಡು

ಯಲ್ಲಾಪುರದಿಂದ ಅಂಕೋಲೆ ಕಡೆಗೆ ಹೊರಟ ಲಾರಿಗಳು ಘಟ್ಟ ಇಳಿಯುವ ಮೊದಲು ಒಮ್ಮೆ ನಿಂತು ಟಯರು, ಬ್ರೇಕು ನೋಡಿಕೊಳ್ಳುವ ಜಾಗದಲ್ಲಿ ನನ್ನ ಅಪ್ಪನ ವೆಲ್ಡಿಂಗ್ ಅಂಗಡಿ ಇದೆ. ಅಜ್ಜನ ಕಾಲದಲ್ಲಿ ಅದು ಕುಲುಮೆ. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದರಂತೆ. ಅಪ್ಪ ಸಣ್ಣ ವಯಸ್ಸಿನಲ್ಲೇ ಹುಬ್ಬಳ್ಳಿಗೆ ಹೋಗಿ ವೆಲ್ಡಿಂಗ್ ಕಲಿತು ಬಂದರು, ಆದರೆ ಕುಲುಮೆಯನ್ನು ಕಿತ್ತು ಹಾಕಲಿಲ್ಲ, ಮೂಲೆಯಲ್ಲಿ ಹಾಗೇ ಬಿಟ್ಟರು. ನಾನು ಹುಟ್ಟುವ ಹೊತ್ತಿಗೆ ನಮ್ಮ ಮನೆಗೆ ಅನ್ನ ಹಾಕುತ್ತಿದ್ದದ್ದು ಲಾರಿ, ಟಿಪ್ಪರು ಮತ್ತು ಟ್ರ್ಯಾಕ್ಟರಿನ ಟ್ರಾಲಿಗಳು.

ಅಂಗಡಿಯ ಹಿಂದೆ ನಮ್ಮ ಮನೆ, ಅದರ ಪಕ್ಕದ್ದು ಚಾಚಾನ ಮನೆ. ಅವರು ಮುಸ್ಲಿಮರು, ನಮಗೆ ನೆಂಟರಲ್ಲ, ನಾನು ಚಿಕ್ಕಂದಿನಿಂದ ಚಾಚಾ ಎಂದೇ ಕರೆದದ್ದು. ಚಾಚಾ ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವರು, ಲಾರಿ ಡ್ರೈವರು. ನನಗೆ ಸೈಕಲ್ ಕಲಿಸಿದವರು ಅವರು. ಅಪ್ಪನಿಗೆ ಪುರುಸೊತ್ತು ಇರಲಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡರು. ಆಗ ಚಾಚಾನ ಹೆಂಡತಿ, ನಮ್ಮ ಚಾಚಿ, ಆರು ತಿಂಗಳು ನಮಗೂ ಸೇರಿಸಿ ಅನ್ನ ಸಾರು ಮಾಡಿ ಕಳಿಸಿದರು. ಒಮ್ಮೆ ಅಪ್ಪ ಸಂಕೋಚದಿಂದ ಬೇಡ ಅಂದದ್ದಕ್ಕೆ, "ನಮ್ ಪಾತ್ರೆ ದೊಡ್ಡದು ಅಣ್ಣಾ, ಕಡ್ಮೆ ಅನ್ನ ಮಾಡಿದ್ರೆ ತಳ ಹಿಡೀತದೆ" ಎಂದು ಬಾಯಿ ಮುಚ್ಚಿಸಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ನಾನು ಇಂಜಿನಿಯರಿಂಗಿನಲ್ಲಿ ಲೋಹಶಾಸ್ತ್ರ ತೆಗೆದುಕೊಂಡದ್ದು ಅಂಗಡಿಯ ಕಾರಣಕ್ಕೇ ಇರಬೇಕು. ಮೇಲಿನ ಓದಿಗೆ ಸೇರಿದಾಗ ನನಗೆ ಸಿಕ್ಕ ವಿಷಯ, ಉಕ್ಕು ದಣಿದು ಬಿರುಕು ಬಿಡುವಾಗ ಹೈಡ್ರೋಜನ್ ಅದಕ್ಕೆ ಏನು ಮಾಡುತ್ತದೆ ಎನ್ನುವುದು. ಎರಡು ವರ್ಷ ಕಾಲೇಜಿನ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಕೂತೆ. ಕೆಲಸ ಹೇಳಲು ಸುಲಭ. ಬೆರಳಗಲದ ಉಕ್ಕಿನ ತುಂಡಿನ ಒಂದು ಅಂಚಿಗೆ ಸಣ್ಣ ಕಚ್ಚು ಮಾಡಿ, ಯಂತ್ರಕ್ಕೆ ಸಿಕ್ಕಿಸಿ, ಎಳೆಯುವುದು, ಬಿಡುವುದು. ಮುರಿಯುವಷ್ಟು ಜೋರಿನ ಎಳೆತವಲ್ಲ, ಅದರ ಅರ್ಧವೂ ಇಲ್ಲ. ಒಂದು ಸಲಕ್ಕೆ ಏನೂ ಆಗದ ಉಕ್ಕು ಲಕ್ಷ ಸಲಕ್ಕೆ ದಣಿಯುತ್ತದೆ. ಕಚ್ಚಿನ ತುದಿಯಿಂದ ಕೂದಲಿನಂಥ ಬಿರುಕೊಂದು ಹೊರಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡುತ್ತ, ಎಷ್ಟು ಎಳೆತಕ್ಕೆ ಎಷ್ಟು ಬೆಳೆಯಿತು ಎಂದು ಬರೆದುಕೊಳ್ಳಬೇಕು. ಆಮೇಲೆ ಅಂಥದೇ ಇನ್ನೊಂದು ತುಂಡಿಗೆ ಹೈಡ್ರೋಜನ್ ತುಂಬಿಸಿ ಮತ್ತೆ ಅದೇ ಎಳೆತ.

ಹೈಡ್ರೋಜನ್ನಿನ ಪರಮಾಣು ತೀರಾ ಚಿಕ್ಕದು. ಗಟ್ಟಿ ಉಕ್ಕಿನೊಳಗೆ ಅದು ಸಲೀಸಾಗಿ ನುಸುಳುತ್ತದೆ, ಮತ್ತು ಎಲ್ಲಿ ಉಕ್ಕು ಹೆಚ್ಚು ಜಗ್ಗಿದೆಯೋ ಅಲ್ಲಿಗೆ, ಅಂದರೆ ಬಿರುಕಿನ ತುದಿಗೇ, ಹೋಗಿ ಸೇರುತ್ತದೆ. ಅಲ್ಲಿ ಹರಳುಹರಳಿನ ನಡುವಿನ ಹಿಡಿತ ಸಡಿಲವಾಗುತ್ತದೆ. ಬರೀ ಗಾಳಿಯಲ್ಲಿ ಒಂದು ವಾರ ತಡೆದ ತುಂಡು ಹೈಡ್ರೋಜನ್ ಕುಡಿದ ಮೇಲೆ ಒಂದೇ ದಿನಕ್ಕೆ ಮುರಿದು ಬಿದ್ದದ್ದನ್ನು ನಾನು ನೋಡಿದ್ದೇನೆ. ಮೊದಲ ಸಲ ಹಾಗಾದಾಗ ಯಂತ್ರ ಕೆಟ್ಟಿದೆ ಎಂದುಕೊಂಡಿದ್ದೆ.

ಅಪ್ಪ ಮತ್ತು ಚಾಚಾ ಒಮ್ಮೆ ನನ್ನನ್ನು ನೋಡಲು ಬಂದಿದ್ದರು. ಚಾಚಾ ಯಂತ್ರದ ಮುಂದೆ ಕೈಕಟ್ಟಿ ನಿಂತು ತುಂಬ ಹೊತ್ತು ನೋಡಿದರು.

"ಇದೆಂತದು ಬೇಟಿ, ಸುಮ್ನೆ ಎಳೀತದೆ, ಬಿಡ್ತದೆ?"

"ಘಟ್ಟದ ರಸ್ತೆ ಚಾಚಾ. ಇಲ್ಲೇ ಮಾಡ್ಕೊಂಡಿದೇವೆ."

ಅವರು ಜೋರಾಗಿ ನಕ್ಕರು. ಅಪ್ಪ ನಗಲಿಲ್ಲ. ಮುರಿದ ಎರಡು ತುಂಡುಗಳನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, "ನೀರಿನೊಳಗಿಂದು, ಶಾಲೇಲಿ ಜಲಜನಕ ಅಂತಿದ್ರು, ಅದು ಇಷ್ಟು ಮಾಡ್ತದಾ?" ಎಂದು ಕೇಳಿದರು. ಮಾಡುತ್ತದೆ ಎಂದು ಹೆಮ್ಮೆಯಿಂದಲೇ ಹೇಳಿದೆ.

ಓದು ಮುಗಿದ ಮೇಲೆ ಸಿದ್ದಾಪುರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಮದುವೆಯಾಗಿ ಶಿರಸಿಯಲ್ಲಿ ಮನೆ. ದಿನಾ ಬಸ್ಸಿನಲ್ಲಿ ಸಿದ್ದಾಪುರ, ತಿಂಗಳಿಗೆರಡು ಭಾನುವಾರ ಯಲ್ಲಾಪುರ. ನಾನು ಎರಡು ವರ್ಷ ಕಲಿತದ್ದು ಅಲ್ಲಿನ ಪಠ್ಯದಲ್ಲಿ ಅರ್ಧ ಪುಟ ಇತ್ತು.

ಆದರೆ ಅಪ್ಪನ ಅಂಗಡಿಯಲ್ಲಿ ಅದು ಪೂರ್ತಿ ಇತ್ತು. ಇದು ನನ್ನ ಕಣ್ಣಿಗೆ ಬಿದ್ದದ್ದು ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ. ವೆಲ್ಡಿಂಗ್ ರಾಡಿಗೆ ಬೂದು ಬಣ್ಣದ ಒಂದು ಲೇಪ ಇರುತ್ತದೆ. ಆ ಲೇಪ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಕಡೆ ಜೂನ್‌ನಿಂದ ನಾಲ್ಕು ತಿಂಗಳು ಉಪ್ಪಿನ ಡಬ್ಬಿಯೂ ನೀರಾಗುವಾಗ, ಬಾಯಿ ಬಿಚ್ಚಿದ ಪ್ಯಾಕೆಟ್ಟಿನಲ್ಲಿ ಹಲಗೆಯ ಮೇಲೆ ಬಿದ್ದಿರುವ ರಾಡು ಹೇಗಿರುತ್ತದೆ? ಬೆಂಕಿ ಹತ್ತಿದ ಕೂಡಲೇ ಆ ನೀರು ಒಡೆದು ಹೈಡ್ರೋಜನ್ ಆಗಿ ಕರಗಿದ ಉಕ್ಕಿಗೆ ಇಳಿಯುತ್ತದೆ. ಉಕ್ಕು ಆರುವಾಗ ಒಳಗೇ ಸಿಕ್ಕಿಕೊಳ್ಳುತ್ತದೆ. ವೆಲ್ಡಿಂಗ್ ಮೇಲಿನಿಂದ ಚೆಂದವಾಗಿಯೇ ಕಾಣುತ್ತದೆ. ಒಂದೆರಡು ದಿನ ಬಿಟ್ಟು, ಕೆಳಗೆ, ಕಣ್ಣಿಗೆ ಕಾಣದ ಕಡೆ ಸಣ್ಣದಾಗಿ ಬಿರಿಯುತ್ತದೆ. ಮುಂದಿನದನ್ನು ರಸ್ತೆ ನೋಡಿಕೊಳ್ಳುತ್ತದೆ. ಮೆತ್ತನೆಯ ಕಬ್ಬಿಣಕ್ಕೆ, ಗೇಟು ಗ್ರಿಲ್ಲುಗಳಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ. ಉಕ್ಕು ಗಟ್ಟಿಯಾದಷ್ಟೂ ಅಪಾಯ ಹೆಚ್ಚು.

ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದೆ. ಮೂವತ್ತು ವರ್ಷ ಆ ಕೆಲಸ ಮಾಡಿದ ಮನುಷ್ಯ ಮಗಳ ಮಾತನ್ನು ತಳ್ಳಿಹಾಕಬಹುದಿತ್ತು. ಅಪ್ಪ ಹಾಗೆ ಮಾಡಲಿಲ್ಲ. "ಅದಕ್ಕೇ ಮಳೆಗಾಲದ ಕೆಲಸ ವಾಪಸ್ ಬರೂದು" ಎಂದರು, ತಮ್ಮಷ್ಟಕ್ಕೆ ಹೇಳಿಕೊಂಡಂತೆ. ಹುಬ್ಬಳ್ಳಿಯಿಂದ ರಾಡು ಒಣಗಿಸುವ ಒಂದು ಸಣ್ಣ ಓವನ್ ತರಿಸಿದೆವು. ಲಾರಿಯ ಕೆಲಸಕ್ಕೆ ಬೇರೆ ಜಾತಿಯ ರಾಡು ತಂದು, ತಾಸುಗಟ್ಟಲೆ ಕಾಯಿಸಿ, ಬಿಸಿ ಇರುವಾಗಲೇ ಬಳಸಲು ಶುರು ಮಾಡಿದರು. ಚಾಚಾ ಅದಕ್ಕೆ "ಅಣ್ಣನ ಬೇಕರಿ" ಎಂದು ಹೆಸರಿಟ್ಟರು. ಮೂರು ವರ್ಷ ಅದು ನಡೆಯಿತು. ನನ್ನ ಓದಿನಿಂದ ಯಾರಿಗಾದರೂ ಉಪಯೋಗವಾಯಿತು ಎಂದು ನಾನು ನಂಬಿದ್ದ ವರ್ಷಗಳು ಅವು.

ಬಾಡಿಗೆ ಲಾರಿ ಓಡಿಸಿ ಸಾಕಾಗಿ ಚಾಚಾ ಸ್ವಂತಕ್ಕೆ ಒಂದು ಲಾರಿ ತಗೊಂಡಿದ್ದರು. ಹಳೆಯದೇ, ಆದರೆ ಹೊಸ ಮಾದರಿಯದು. ಈಗಿನ ಲಾರಿಗಳ ಚಾಸಿ, ಎಂದರೆ ಇಡೀ ಗಾಡಿ ಹೊರುವ ಆ ಎರಡು ಉದ್ದನೆಯ ಉಕ್ಕಿನ ತೊಲೆಗಳು, ಹಿಂದಿನ ಲಾರಿಗಳಿಗಿಂತ ತೆಳು ಮತ್ತು ಗಟ್ಟಿ. ಅದಕ್ಕೆ ವೆಲ್ಡಿಂಗ್ ಮಾಡಬಾರದು ಎಂದು ಕಂಪನಿಯವರೇ ಬರೆದಿರುತ್ತಾರೆ. ಚಾಚಾ ಹುಬ್ಬಳ್ಳಿಯಿಂದ ಮಂಗಳೂರಿಗೆ ಈರುಳ್ಳಿ ಒಯ್ಯುತ್ತಿದ್ದರು, ಬರುವಾಗ ಗೊಬ್ಬರ.

ನಾಲ್ಕನೇ ಮಳೆಗಾಲದ ಒಂದು ಭಾನುವಾರ ನಾನು ಯಲ್ಲಾಪುರದಲ್ಲಿದ್ದೆ. ಆಷಾಢದ ಮಳೆ. ಹಿಂದಿನ ದಿನ ಎಲ್ಲೋ ಮರ ಬಿದ್ದು ಕರೆಂಟು ಹೋಗಿತ್ತು. ಮಧ್ಯಾಹ್ನ ಚಾಚಾನ ಲಾರಿ ಈರುಳ್ಳಿ ತುಂಬಿಕೊಂಡು ಬಂದು ಅಂಗಡಿಯ ಮುಂದೆ ನಿಂತಿತು.

"ಅಣ್ಣಾ, ಹಿಂದ್ಗಡೆ ಎಂತದೋ ಸದ್ದು ಬರ್ತಾ ಉಂಟು, ಒಂಚೂರು ನೋಡು."

ಅಪ್ಪ ಗೋಣಿ ಹಾಸಿಕೊಂಡು ಕೆಳಗೆ ನುಗ್ಗಿದರು. ಟಾರ್ಚು ಹಿಡಿದು ನಾನೂ ಬಗ್ಗಿದೆ. ಎಡಗಡೆ ತೊಲೆಯಲ್ಲಿ, ಹಿಂದಿನ ಸ್ಪ್ರಿಂಗ್ ಕೂರುವ ಬ್ರಾಕೆಟ್ಟಿನ ಪಕ್ಕ, ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದದ ಬಿರುಕು. ಕೆಸರು ಒರೆಸಿದರೆ ತುಕ್ಕಿನ ನೀರು ಅದರಿಂದ ಸಣ್ಣಗೆ ಇಳಿಯುತ್ತಿತ್ತು.

"ಇದಕ್ಕೆ ವೆಲ್ಡಿಂಗ್ ಬೇಡ ಚಾಚಾ" ಎಂದೆ. "ತೊಲೆ ಬದಲಿಸ್ಬೇಕು. ಇಲ್ಲಾಂದ್ರೆ ಪಟ್ಟಿ ಇಟ್ಟು ಬೋಲ್ಟ್ ಹೊಡೀಬೇಕು. ಹುಬ್ಬಳ್ಳೀಲಿ ಮಾಡ್ತಾರೆ."

"ಈರುಳ್ಳಿ ಬೇಟಿ. ಈ ಮಳೇಲಿ ಎರಡು ದಿನ ನಿಂತ್ರೆ ಕೊಳೆತು ನಾರ್ತದೆ. ನಾಳೆ ಬೆಳಿಗ್ಗೆ ಮಂಗಳೂರಲ್ಲಿ ಇಳಿಸ್ಬೇಕು. ಇದೊಂದು ಟ್ರಿಪ್ ಮಾಡಿ ಬತ್ತೆ, ಆಮೇಲೆ ನೀ ಹೇಳಿದ ಹಾಗೆ ಮಾಡುವಾ."

ಅಪ್ಪ ನನ್ನ ಮುಖ ನೋಡಿದರು. ವೆಲ್ಡಿಂಗ್ ಮಾಡಲು ಅಂಗಡಿಯಲ್ಲಿ ಡೀಸೆಲ್ ಜನರೇಟರ್ ಇತ್ತು, ಆದರೆ ಅದರಿಂದ ಓವನ್ ನಡೆಯುತ್ತಿರಲಿಲ್ಲ. ಅದರೊಳಗಿನ ರಾಡುಗಳು ಹಿಂದಿನ ದಿನದಿಂದ ತಣ್ಣಗೆ ಕೂತಿದ್ದವು. ನಾನು ಬಾಗಿಲು ತೆರೆದು ಮುಟ್ಟಿ ನೋಡಿದೆ. ಕೈಗೆ ತೇವ ಹತ್ತಲಿಲ್ಲ, ಆದರೆ ಈ ತೇವ ಕೈಗೆ ಹತ್ತುವಂಥದ್ದಲ್ಲ. ಅಪ್ಪ ಒಂದು ಕ್ಷಣ ಯೋಚಿಸಿ ಮೂಲೆಯ ಕುಲುಮೆಗೆ ಇದ್ದಲು ಹಾಕಿದರು. ಒಂದು ತಗಡಿನ ಮೇಲೆ ರಾಡುಗಳನ್ನು ಸಾಲಾಗಿ ಇಟ್ಟು ಹೊರಳಿಸುತ್ತ ಕಾಯಿಸಿದರು. ಎಷ್ಟು ಬಿಸಿ ಎಂದು ನೋಡಲು ನಮ್ಮ ಹತ್ತಿರ ಏನೂ ಇರಲಿಲ್ಲ. ಕೆಲವು ರಾಡುಗಳ ಲೇಪ ಬಿರಿದು ಉದುರಿತು, ಅವನ್ನು ಬದಿಗೆ ಎಸೆದರು. ಮುಕ್ಕಾಲು ತಾಸಾಗಿರಬೇಕು. ಚಾಚಾ ಎರಡು ಸಲ ಗಡಿಯಾರ ನೋಡಿದರು.

"ಸಾಕಾ ಮಗಾ?" ಎಂದು ಅಪ್ಪ ಕೇಳಿದರು.

ನಾನು "ಸಾಕು ಅನ್ನಿಸ್ತದೆ" ಅಂದೆ.

ಈ ಎರಡು ಪದಗಳನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿದ್ದೇನೋ ಲೆಕ್ಕವಿಲ್ಲ. ಸಾಕಾಗುವುದಿಲ್ಲ ಎಂದು ನನಗೆ ಗೊತ್ತಿತ್ತೇ? ಗೊತ್ತಿತ್ತು ಎಂದರೆ ಸುಳ್ಳಾಗುತ್ತದೆ, ಗೊತ್ತಿರಲಿಲ್ಲ ಎಂದರೂ ಸುಳ್ಳೇ. ಚಾಚಾ ಕಾಯುತ್ತಿದ್ದರು, ಈರುಳ್ಳಿಯ ವಾಸನೆ ಬರುತ್ತಿತ್ತು, ಅಪ್ಪನಿಗೆ ನನ್ನಿಂದ ಒಂದು ಉತ್ತರ ಬೇಕಿತ್ತು.

ಅಪ್ಪ ಬಿರುಕನ್ನು ಕೊರೆದು ತೆಗೆದು, ಸುತ್ತ ಗ್ಯಾಸಿನಲ್ಲಿ ಬಿಸಿ ಮಾಡಿ, ನಿಧಾನವಾಗಿ ತುಂಬಿದರು. ಕೆಲಸ ಅಚ್ಚುಕಟ್ಟಾಗಿತ್ತು. ತಣಿಯುವಾಗ ಗಾಳಿ ತಾಗದಿರಲಿ ಎಂದು ಗೋಣಿ ಸುತ್ತಿದರು. ನಾನು ಚಾಚಾನಿಗೆ, "ಎರಡು ದಿನ ಬಿಟ್ಟು ಬಂದು ತೋರಿಸಿ. ಕಾಲೇಜಿಂದ ಬಣ್ಣ ತರ್ತೇನೆ, ಕಾಣದ ಕ್ರ್ಯಾಕು ಅದ್ರಲ್ಲಿ ಕಾಣ್ತದೆ" ಎಂದೆ. ಅದು ಕೆಂಪು ಬಣ್ಣದ ಒಂದು ದ್ರವ. ಲೋಹಕ್ಕೆ ಬಳಿದು ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರೆ ಎಲ್ಲಿ ಬಿರುಕಿದೆಯೋ ಅಲ್ಲಿ ಕೆಂಪು ಗೆರೆ ಮೂಡುತ್ತದೆ. ಒಳಗೇ ಹುದುಗಿದ್ದು ಕಾಣುವುದಿಲ್ಲ, ಮೈಮೇಲೆ ಬಾಯಿ ತೆರೆದದ್ದು ಕಾಣುತ್ತದೆ. ಅಷ್ಟಾದರೂ ಆಗುತ್ತಿತ್ತು.

ಚಾಚಾ ಮಾತಿಗೆ ತಪ್ಪಲಿಲ್ಲ. ಮಂಗಳೂರಿಂದ ಬಂದವರೇ ಅಂಗಡಿ ಮುಂದೆ ನಿಲ್ಲಿಸಿದರು. ನಾನು ಸಿದ್ದಾಪುರದಲ್ಲಿದ್ದೆ. ಬಣ್ಣದ ಡಬ್ಬಿ ಕಾಲೇಜಿನ ಉಗ್ರಾಣದಲ್ಲಿತ್ತು, ಹೊರಗೆ ಒಯ್ಯಲು ಪ್ರಾಂಶುಪಾಲರ ಸಹಿ ಬೇಕಿತ್ತು, ಅವರು ರಜೆಯಲ್ಲಿದ್ದರು. ಅಪ್ಪ ಫೋನು ಮಾಡಿ, "ಕಣ್ಣಿಗೆ ಎಂತದೂ ಕಾಣೂದಿಲ್ಲ ಮಗಾ, ಚಲೋ ಕೂತದೆ" ಎಂದರು. ಮುಂದಿನ ವಾರ ತರುತ್ತೇನೆ ಎಂದೆ. ಮುಂದಿನ ವಾರ ಪರೀಕ್ಷೆಯ ಕೆಲಸ ಬಂತು. ಆಮೇಲೆ ನನ್ನ ಅತ್ತೆಗೆ ಕಾಯಿಲೆಯಾಯಿತು. ಡಬ್ಬಿಯನ್ನು ಕೊನೆಗೂ ಯಲ್ಲಾಪುರಕ್ಕೆ ಒಯ್ದದ್ದು ದಸರಾ ರಜೆಯಲ್ಲಿ. ಆಗ ಚಾಚಾ ಬಾಡಿಗೆಗೆ ಹೋಗಿದ್ದರು. ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟು, ಬಳಸುವ ಕ್ರಮ ಹೇಳಿ ಬಂದೆ. ಅದು ಅಂಗಡಿಯ ಹಲಗೆಯ ಮೇಲೇ ಉಳಿಯಿತು. ತೊಲೆ ಬದಲಿಸುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಲಾರಿ ಓಡುತ್ತಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ ಅರಬೈಲು ಘಟ್ಟದ ತಿರುವಿನಲ್ಲಿ ಎಡಗಡೆ ತೊಲೆ ಮುರಿಯಿತು. ಹಿಂದಿನ ಆಕ್ಸಲ್ ಜಾರಿ ಲಾರಿ ಮಗುಚಿತು. ಆಕಾಶ ತಿಳಿಯಾಗಿತ್ತು, ರಸ್ತೆ ಒಣಗಿತ್ತು, ಚಾಚಾ ನಿಧಾನವಾಗಿಯೇ ಇಳಿಸುತ್ತಿದ್ದರು ಎಂದು ಹಿಂದಿದ್ದ ಬಸ್ಸಿನವರು ಹೇಳಿದರು. ನಾನು ಮೂರನೇ ಪಾಠಕ್ಕೆ ಹೋಗುವಾಗ ಅಪ್ಪನ ಫೋನು ಬಂತು. "ನಮ್ಮ ಲಾರಿ ಬಿದ್ದದೆ" ಎಂದರು. ಚಾಚಾನ ಲಾರಿ ಎನ್ನಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಚಾಚಾ ಒಂದೂವರೆ ತಿಂಗಳಿದ್ದರು. ಜೀವ ಉಳಿಯಿತು. ಬೆನ್ನುಮೂಳೆ ಜಜ್ಜಿ ಸೊಂಟದ ಕೆಳಗೆ ಏನೂ ಉಳಿಯಲಿಲ್ಲ. ಮನೆಗೆ ತಂದು ಮುಂದಿನ ಕೋಣೆಯಲ್ಲಿ ಮಂಚ ಹಾಕಿದರು. ಆ ಕೋಣೆಯ ಕಿಟಕಿಯಿಂದ ಅಂಗಡಿಯಲ್ಲಿ ಅಪ್ಪ ವೆಲ್ಡಿಂಗ್ ಮಾಡುವ ನೀಲಿ ಬೆಳಕು ಕಾಣುತ್ತದೆ. ಚಾಚಿ ಮೊದಲ ವಾರವೇ ಕಿಟಕಿಗೆ ಪರದೆ ಹಾಕಿದರು.

ಲಾರಿಯನ್ನು ಎಳೆದು ತಂದು ಪೊಲೀಸ್ ಠಾಣೆಯ ಪಕ್ಕದ ಬಯಲಿನಲ್ಲಿ ನಿಲ್ಲಿಸಿದ್ದರು. ವಿಚಾರಣೆ ಮುಗಿದ ಮೇಲೆ, ಅಪ್ಪ ಠಾಣೆಯವರಿಗೂ ಚಾಚಿಗೂ ಕೇಳಿ, ಮುರಿದ ಜಾಗದ ಎರಡೂ ಬದಿಯನ್ನು ಅಂಗೈಯಷ್ಟು ಕತ್ತರಿಸಿ, ಹಳೆ ಟವೆಲ್ಲಿನಲ್ಲಿ ಸುತ್ತಿ, ಶಿರಸಿಗೆ ತಂದರು. ಅಪ್ಪ ನನ್ನ ಮನೆಗೆ ಬರುವುದೇ ಅಪರೂಪ. ಚಹಾ ಕೂಡ ಕುಡಿಯದೆ ಟವೆಲ್ಲನ್ನು ಊಟದ ಮೇಜಿನ ಮೇಲೆ ಬಿಚ್ಚಿದರು.

"ನೋಡಿ ಹೇಳು. ನನ್ನ ವೆಲ್ಡಿಂಗಾ?"

ಮರುದಿನ ಕಾಲೇಜಿಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ದಣಿದು ಮುರಿದ ಉಕ್ಕು ತನ್ನ ಕಥೆಯನ್ನು ಬಹಳಷ್ಟು ಬರೆದಿಟ್ಟಿರುತ್ತದೆ. ಸಮುದ್ರದ ಅಲೆ ಹಿಂದೆ ಸರಿದ ಮೇಲೆ ಮರಳಿನಲ್ಲಿ ಉಳಿಯುವ ಗೆರೆಗಳಂತೆ ಒಂದರ ಹಿಂದೊಂದು ಬಾಗಿದ ಗೆರೆಗಳಿದ್ದವು. ಅವು ಎಲ್ಲಿಂದ ಹೊರಟವು ಎಂಬುದೂ ಸ್ಪಷ್ಟವಿತ್ತು. ಅಪ್ಪನ ವೆಲ್ಡಿಂಗಿನ ಅಂಚಿನ ಕೆಳಗೆ, ಬಿಸಿಯಿಂದ ಗಡಸಾದ ಉಕ್ಕಿನಲ್ಲಿ, ಒಂದು ಅಕ್ಕಿಕಾಳಿನಷ್ಟು ಜಾಗ. ಅಲ್ಲಿಂದ ಆರಂಭವಾಗಿ ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದು, ಉಳಿದ ಉಕ್ಕು ಭಾರ ತಾಳದಷ್ಟು ಕಡಿಮೆಯಾದಾಗ ಒಮ್ಮೆಲೇ ಹರಿದಿತ್ತು.

ಆ ಅಕ್ಕಿಕಾಳಿನಷ್ಟು ಜಾಗ ಹೇಗಿದೆ ಎನ್ನುವುದರ ಮೇಲೆ ಎಲ್ಲ ನಿಂತಿತ್ತು. ಹೈಡ್ರೋಜನ್ ಬಿರಿಯಿಸಿದ್ದರೆ ಅಲ್ಲಿ ಹರಳುಗಳ ಮುಖಗಳು ಬಿಡಿಬಿಡಿಯಾಗಿ, ಒಡೆದ ಕಲ್ಲುಸಕ್ಕರೆಯಂತೆ ಕಾಣಬಹುದಿತ್ತು. ನಾನು ಎರಡು ವರ್ಷ ನೋಡಿದ್ದು ಅದನ್ನೇ. ಆದರೆ ಅಲ್ಲಿ ತುಕ್ಕು ಇತ್ತು. ಮಳೆಗಾಲದ ನೀರು ಬಿರುಕಿನೊಳಗೆ ಹೋಗಿ ಹುಟ್ಟಿನ ಜಾಗವನ್ನೇ ಮೊದಲು ತಿಂದಿತ್ತು. ತುಕ್ಕು ತೊಳೆದೆ. ಕೆಳಗೆ ಬರೀ ತಗ್ಗುದಿಣ್ಣೆ.

ಇನ್ನು ಹೈಡ್ರೋಜನ್? ಅದು ಉಕ್ಕಿನಲ್ಲಿ ಉಳಿಯುವುದಿಲ್ಲ. ಬಂದ ಹಾಗೇ ಹೊರಟುಹೋಗುತ್ತದೆ, ಕೆಲವು ದಿನಗಳಲ್ಲೇ. ಆಷಾಢದಲ್ಲಿ ಸೇರಿದ್ದು ಡಿಸೆಂಬರಿನ ತನಕ ಇರುವುದು ಸಾಧ್ಯವೇ ಇಲ್ಲ. ಮೇಲಾಗಿ, ಬಿರುಕಿನೊಳಗೆ ನಿಂತ ಮಳೆನೀರಿನಿಂದ ತುಕ್ಕು ಹಿಡಿಯುವಾಗಲೂ ತುದಿಯಲ್ಲಿ ಹೈಡ್ರೋಜನ್ ಹುಟ್ಟಬಹುದು. ಹಾಗಾದರೆ ಮೊದಲ ಬಿರುಕು ರಾಡಿನ ತೇವದಿಂದ ಆಯಿತೋ, ಹಳೆಯ ಬಿರುಕಿನ ತುದಿ ಪೂರ್ತಿ ಹೋಗಿರಲಿಲ್ಲವೋ, ಗಡಸಾದ ಉಕ್ಕು ತಾನಾಗಿ ಸೋತಿತೋ? ದೊಡ್ಡ ಪ್ರಯೋಗಾಲಯವೊಂದರಲ್ಲಿರುವ ನನ್ನ ಸಹಪಾಠಿಗೂ ಒಂದು ತುಂಡು ಕಳಿಸಿದೆ. ಅವಳೂ ಹೇಳಲು ಬರುವುದಿಲ್ಲ ಎಂದು ಬರೆದಳು.

ಯಲ್ಲಾಪುರಕ್ಕೆ ಹೋಗಿ ಅಪ್ಪನಿಗೆ ಅಂಗಡಿಯಲ್ಲೇ ಹೇಳಿದೆ. ಎಲ್ಲಿಂದ ಶುರುವಾಯಿತು ಎಂದು ತೋರಿಸಿದೆ.

"ಹಾಗಾದ್ರೆ ರಾಡಿಂದೇ."

"ಗೊತ್ತಾಗೂದಿಲ್ಲ ಅಪ್ಪಾ. ತುಕ್ಕು ಹಿಡಿದು ಹೋಗಿದೆ."

"ಹಾಗಾದ್ರೆ ರಾಡಿಂದಲ್ಲ ಅಂತ ಹೇಳು."

"ಹಾಗೂ ಹೇಳೂಕೆ ಬರೂದಿಲ್ಲ."

ಅಪ್ಪ ಸ್ಟೂಲಿನ ಮೇಲೆ ಕೂತರು. ಸಿಟ್ಟಿಲ್ಲದೆ, "ಅಷ್ಟು ಓದಿದ್ದು ಮತ್ತೆಂತಕ್ಕೆ ಮಗಾ?" ಎಂದರು. ನಾನೂ ಅಲ್ಲಿದ್ದೆ, ಸಾಕು ಎಂದವಳು ನಾನೇ ಎಂದು ಹೇಳಬೇಕೆಂದುಕೊಂಡೆ. ಅಪ್ಪ ಅಷ್ಟರಲ್ಲಿ ಎದ್ದು ಕೈ ತೊಳೆಯುತ್ತಿದ್ದರು.

ಅಲ್ಲಿಂದ ನೇರ ಚಾಚಾನ ಮನೆಗೆ ಹೋದರು. ನಾನು ಹಿಂದೆ ಹೋದೆ. ಚಾಚಾ ಮಲಗಿದ್ದರು, ಗಡ್ಡ ಬೆಳೆದಿತ್ತು. ಅಪ್ಪ ಮಂಚದ ಹತ್ತಿರ ನಿಂತು, ಕೂರದೆ, "ರಾಡು ಸಮಾ ಒಣಗಿರ್ಲಿಲ್ಲ. ನಂಗೆ ಗೊತ್ತಿತ್ತು. ನಾ ಮಾಡ್ಬಾರದಾಗಿತ್ತು" ಎಂದರು.

"ಅಪ್ಪ ಒಬ್ರೇ ಅಲ್ಲ ಚಾಚಾ, ಸಾಕು ಅಂದಿದ್ದು ನಾನು" ಎಂದೆ.

ಚಾಚಾ ಇಬ್ಬರನ್ನೂ ನೋಡಿದರು. "ಅವಸರ ಮಾಡಿದ್ದು ನಾನಲ್ವಾ ಅಣ್ಣಾ. ಈರುಳ್ಳಿ ಅಂತ ಬಡ್ಕೊಂಡಿದ್ದು ನಾನು. ಬಿಡು ಅದೆಲ್ಲ" ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, "ಇನ್ನು ಇದ್ನ ಹೇಳೂಕೆ ಬರ್ಬೇಡ" ಎಂದರು.

ಚಾಚಿ ಚಹಾ ತಂದರು. ಅಪ್ಪನ ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಅಪ್ಪ ಅದನ್ನು ನಿಂತೇ ಕುಡಿದು ಲೋಟ ಅಲ್ಲೇ ಇಟ್ಟರು.

ಜಗಳ ಆಗಲಿಲ್ಲ. ಆಗಿದ್ದರೆ ರಾಜಿಯೂ ಆಗಬಹುದಿತ್ತು. ಅಪ್ಪ ದಿನಾ ಹೋಗುತ್ತಿದ್ದವರು ವಾರಕ್ಕೊಮ್ಮೆ ಹೋದರು, ಆಮೇಲೆ ಹಬ್ಬಕ್ಕೆ ಮಾತ್ರ. ಚಾಚಾನನ್ನು ಹೊರಳಿಸಲು, ಎತ್ತಿ ಕೂರಿಸಲು ಅವರ ತಮ್ಮ ಹುಬ್ಬಳ್ಳಿಯಿಂದ ಬಂದು ಉಳಿದ. ಅಪ್ಪ ಲಾರಿಯ ಕೆಲಸ ಬಿಟ್ಟರು. ಗೇಟು, ಗ್ರಿಲ್ಲು, ಗೊಬ್ಬರಗುಂಡಿಯ ಮುಚ್ಚಳ. ಓವನ್ ಬೇಕಾಗಲಿಲ್ಲ. ಲಾರಿಯವರು ರಸ್ತೆಯ ಆಚೆ ಬದಿಯ ಅಂಗಡಿಗೆ ಹೋಗತೊಡಗಿದರು. ನಾನು ಒಮ್ಮೆ ಆ ಅಂಗಡಿಗೂ ಹೋಗಿ ರಾಡಿನ ವಿಷಯ ಹೇಳಿದೆ. ಅಂಗಡಿಯವನು ಕುರ್ಚಿ ಕೊಟ್ಟು ಮರ್ಯಾದೆಯಿಂದ ಕೇಳಿದ. ಕೊನೆಯಲ್ಲಿ, "ನಿಮ್ಮಪ್ಪ ಒಣಗಿಸಿಯೇ ಮಾಡ್ತಿದ್ರಲಾ ಅಕ್ಕಾ" ಎಂದ. ಕುಹಕಕ್ಕೆ ಹೇಳಿದ ಮಾತಲ್ಲ.

ಮಗುಚಿದ ಲಾರಿಯನ್ನು ಚಾಚಿ ಮಾರಿದರು, ಗುಜರಿಗೆ ಹೋಯಿತು ಎಂದು ನಾನು ತಿಳಿದಿದ್ದೆ. ಮುಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ ಹುಬ್ಬಳ್ಳಿಗೆ ಹೋಗುವಾಗ ಕಿರವತ್ತಿಯ ಒಂದು ಢಾಬಾದ ಮುಂದೆ ಬಸ್ಸು ನಿಂತಿತು. ಅಲ್ಲಿ ಅದೇ ಲಾರಿ ನಿಂತಿತ್ತು. ಮುಂಭಾಗಕ್ಕೆ ಹೊಸ ಬಣ್ಣ, ನಂಬರು ಅದೇ. ನಾನು ಇಳಿದು ಹಿಂದೆ ಹೋಗಿ ಬಗ್ಗಿ ನೋಡಿದೆ. ಅಪ್ಪ ಕತ್ತರಿಸಿ ತೆಗೆದ ಜಾಗಕ್ಕೆ ಬೇರೊಂದು ಉಕ್ಕಿನ ಚೂರು ಇಟ್ಟು ಸುತ್ತಲೂ ವೆಲ್ಡಿಂಗ್ ಮಾಡಿದ್ದರು. ಕೆಟ್ಟ ಕೆಲಸ, ತಟಕು ತಟಕಾಗಿ ಗಂಟು ಕಟ್ಟಿತ್ತು. ತುಂಬಿದ ಲಾರಿ, ಕಟ್ಟಿಗೆ ಹೇರಿತ್ತು.

ಲಾರಿಯ ಮಾಲೀಕ ಅಲ್ಲೇ ಊಟಕ್ಕೆ ಕೂತಿದ್ದ. ಐವತ್ತರ ಆಸುಪಾಸಿನವನು. ಹೋಗಿ ಎಲ್ಲ ಹೇಳಿದೆ. ಯಾರ ಲಾರಿ, ಹೇಗೆ ಬಿತ್ತು, ಬಿದ್ದವರು ಈಗ ಹೇಗಿದ್ದಾರೆ. ಅವನು ತಿನ್ನುವುದನ್ನು ನಿಲ್ಲಿಸಿ ಕೇಳಿದ.

"ಕೂಡ್ರಿ ಅಕ್ಕಾರ. ಬಿದ್ದ ಗಾಡಿ ಅಂತ ಗೊತ್ತೈತ್ರಿ ನನಗ. ಅದಕ್ಕ ನನಗ ಸಿಕ್ಕೈತಿ."

"ಅದೇ ಜಾಗ ಮತ್ತೆ ಮುರೀತದೆ. ಇವತ್ತಲ್ಲ ನಾಳೆ ಮುರೀತದೆ."

"ಯಾವಾಗ್ರಿ?"

ಅದನ್ನು ಹೇಳಲು ನನಗೆ ಬರುವುದಿಲ್ಲ. ಅವನು ತಲೆಯಾಡಿಸಿ, "ನೋಡ್ರಿ, ನಮ್ಮ ಗಾಡಿ ಎಲ್ಲಾ ಹಿಂಗ ಅದಾವ. ಹೊಸಾ ಚಾಸಿ ಹಾಕ್ಸೂ ಮನಷ್ಯಾ ಹಳೇ ಗಾಡಿ ಯಾಕ ತಗೋತಾನ್ರಿ? ನೀವು ಹೇಳಿದ್ದು ಖರೇ ಇರಬೇಕು. ಹಗೂರಕ ಹೊಡೀತೀನಿ, ತಗೋರಿ" ಎಂದ. ಆಮೇಲೆ ನನಗೆ ಚಹಾ ಹೇಳಿದ. ಬಸ್ಸಿನವನು ಹಾರ್ನ್ ಹೊಡೆದ. ಹಗುರವಾಗಿ ಹೊಡೆದರೂ ಅದೇ ಎಂದು ಹೇಳಬೇಕೆಂದುಕೊಂಡು ಹೇಳದೆ ಬಂದೆ. ಈ ಲಾರಿ ಕಂಡ ವಿಷಯವನ್ನು ಅಪ್ಪನಿಗೆ ತಿಳಿಸಲಿಲ್ಲ. ಸಾರಿಗೆ ಇಲಾಖೆಗೆ ಒಂದು ಪತ್ರ ಬರೆದೆ. ಉತ್ತರ ಬರಲಿಲ್ಲ.

ಚಾಚಾ ಮೂರನೆಯ ವರ್ಷ ತೀರಿಕೊಂಡರು. ಮಲಗಿದಲ್ಲೇ ಆದ ಬೆನ್ನಿನ ಹುಣ್ಣು ಮಾಯಲೇ ಇಲ್ಲ, ಅದರಿಂದ ಜ್ವರ, ಜ್ವರದಿಂದ ಮೂತ್ರಪಿಂಡ. ಸುದ್ದಿ ತಿಳಿದು ನಾನು ಶಿರಸಿಯಿಂದ ಬರುವಷ್ಟರಲ್ಲಿ ಮನೆಯ ಮುಂದೆ ಜನ ಸೇರಿದ್ದರು. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೋಗಿ ಮುಖ ನೋಡಿ ಬಂದಿದ್ದರಂತೆ. ನಾನು ಚಾಚಿಯ ಹತ್ತಿರ ಹೋಗಿ ಕೂತೆ. ಅವರು ನನ್ನ ಕೈ ಹಿಡಿದುಕೊಂಡರು, ಅಳಲಿಲ್ಲ, ನನ್ನನ್ನು ನೋಡಲೂ ಇಲ್ಲ.

ಶವ ಹೊತ್ತ ಜನಾಜಾ ಹೊರಟಾಗ ದಾರಿಯುದ್ದಕ್ಕೂ ಗಂಡಸರು ಹೆಗಲು ಬದಲಿಸುತ್ತ ನಡೆದರು. ಚಾಚಾನಿಗೆ ಬೇಕಾದವರು ಊರಿಗೆ ಊರೇ ಇದ್ದರು, ಎಲ್ಲ ಜಾತಿಯ ಡ್ರೈವರುಗಳು ಬಂದಿದ್ದರು. ಅಪ್ಪನೂ ರಸ್ತೆಗೆ ಇಳಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಪ್ಪ ಗುಂಪಿನ ಜೊತೆ ಸ್ವಲ್ಪ ಓಡಿದಂತೆ ನಡೆದು, ಹೆಗಲು ಕೊಡಲು ಬಲಗೈ ಮುಂದೆ ಚಾಚಿದರು. ಯಾರೂ ತಡೆಯಲಿಲ್ಲ. ಜನ ಬೇಗ ಬೇಗ ನಡೆಯುತ್ತಿದ್ದರು, ಅಪ್ಪನ ಮಂಡಿ ನೋವಿನ ಕಾಲು ಹಿಂದೆ ಬಿತ್ತು, ಜಾಗವನ್ನು ಬೇರೆ ಯಾರೋ ತುಂಬಿದರು. ಅಪ್ಪ ಕೈ ಕೆಳಗಿಳಿಸಿ, ತಿರುವಿನ ತನಕ ಹಿಂದೆ ಹಿಂದೆ ಹೋಗಿ, ಅಲ್ಲಿ ನಿಂತರು.

ಒಂದು ತಾಸಿನ ಮೇಲೆ ಮನೆಗೆ ಬಂದರು. ಹಿತ್ತಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಸ್ನಾನಕ್ಕೆ ನೀರು ಕಾದಿದ್ಯಾ?" ಎಂದು ಕೇಳಿದರು. ಕಾದಿದೆ ಎಂದೆ.